ಹಡಗಿನ ಸಂದಿಗೆ ದಾವಣಗೆರೆ ಹತ್ತಿ

ಹರಿಹರದಲ್ಲಿ ನೀರಿನ ಟ್ಯಾಂಕರ್ ಕಟ್ಟುವುದು ನನ್ನ ಕಸುಬು. ತಗಡನ್ನು ಬಗ್ಗಿಸಿ, ಬೆಸುಗೆ ಹಾಕಿ, ನೀರು ತುಂಬಿಸಿ ಮೂರು ದಿನ ನಿಲ್ಲಿಸುತ್ತೇನೆ. ಹೊರಗೆ ಒಂದು ಹನಿ ಕಾಣದಿದ್ದರೆ ಟ್ರ್ಯಾಕ್ಟರಿಗೆ ಸಿಕ್ಕಿಸಿ ಕಳಿಸುತ್ತೇನೆ. ನನ್ನ ಕೈಯಿಂದ ಹೋದ ಟ್ಯಾಂಕರ್ ಸೋರಿತು ಎಂದು ಯಾರೂ ವಾಪಸ್ಸು ತಂದಿಲ್ಲ. ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಹೀಗೆ ಹೇಳಿಕೊಂಡು ತಿರುಗಿದ್ದರಿಂದಲೇ ಒಂದು ಜನವರಿಯ ಬೆಳಿಗ್ಗೆ ಸಾಹೇಬರು ನನ್ನ ಶೆಡ್ಡಿನ ಮುಂದೆ ಬಂದು ನಿಂತರು.

ಅವರು ದಾವಣಗೆರೆಯ ಹಳೆಯ ವ್ಯಾಪಾರಸ್ಥ ಮನೆತನದವರು. ಅಂಗಡಿಯ ಗಲ್ಲಾಪೆಟ್ಟಿಗೆ ಬಿಟ್ಟು ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿ ದುಡಿದು, ನಿವೃತ್ತರಾಗಿ ವಿನೋಬನಗರದಲ್ಲಿ ಮನೆ ಮಾಡಿಕೊಂಡಿದ್ದರು.

"ಒಂದು ಹಡಗು ಐತೆ. ಅದರಾಗೆ ಎರಡು ನೀರಿನ ಟ್ಯಾಂಕ್ ಕೂಡ್ರಿಸಬೇಕು. ಬರ್ತೀರೇನ್ರಿ?"

"ಎಲ್ಲೈತ್ರಿ ಹಡಗು, ಮಂಗಳೂರಾಗಾ?"

"ಶಾಮನೂರಾಗ."

ನಾನು ಜೋರಾಗಿ ನಕ್ಕೆ. ಅವರು ನಗದೆ ಬೈಕಿನ ಹಿಂದೆ ಕೂರಲು ಸನ್ನೆ ಮಾಡಿದರು.

ಶಾಮನೂರಿನ ಹೊಸ ಬಡಾವಣೆಯಲ್ಲಿ, ಅರ್ಧ ಕಟ್ಟಿ ನಿಂತ ಎರಡು ಮನೆಗಳ ನಡುವಿನ ಸೈಟಿನಲ್ಲಿ ತಗಡಿನ ಚಪ್ಪರ ಹಾಕಿದ್ದರು. ಅದರ ಕೆಳಗೆ ನಿಜವಾಗಿಯೂ ಹಡಗು ನಿಂತಿತ್ತು. ಮೂವತ್ತೆರಡು ಅಡಿ ಉದ್ದ, ಪೂರಾ ಮರದ್ದು. ಎರಡೂ ಬದಿಗೆ ದಪ್ಪ ತೊಲೆಗಳ ಆಸರೆ ಕೊಟ್ಟು ನೆಟ್ಟಗೆ ನಿಲ್ಲಿಸಿದ್ದರು. ಹಿಂದೆ ಕರಾವಳಿಯಲ್ಲಿ ಹಂಚು, ತೆಂಗಿನಕಾಯಿ ಸಾಗಿಸುತ್ತಿದ್ದ, ಮಚವೆ ಎಂಬ ಹಾಯಿ ಹಡಗಂತೆ ಅದು. ಸಾಹೇಬರು ಅದನ್ನು ಕೊಂಡು, ಉದ್ದನೆಯ ಟ್ರೇಲರ್ ಲಾರಿಯಲ್ಲಿ ಘಟ್ಟ ಹತ್ತಿಸಿ ಇಲ್ಲಿಗೆ ತಂದಿದ್ದರು. ಒಳಗೆ ಮಲಗಲು, ಅಡುಗೆ ಮಾಡಲು, ಸ್ನಾನಕ್ಕೆ ಎಲ್ಲ ಅನುಕೂಲ ಮಾಡಿಕೊಂಡು, ಗಂಡ ಹೆಂಡತಿ ಇಬ್ಬರೇ ಅಕ್ಟೋಬರ್ ಕೊನೆಗೆ ಹೊರಟು, ದಂಡೆ ಹಿಡಿದು ಕೊಚ್ಚಿ ಮುಟ್ಟಿ, ಅಲ್ಲಿಂದ ದ್ವೀಪಗಳ ಕಡೆ ಹೋಗಿ ಒಂದು ವರ್ಷ ಅದರಲ್ಲೇ ಬದುಕುವುದು ಅವರ ಆಸೆ.

"ಕರಾವಳ್ಯಾಗೇ ಮಾಡಿಸಬಹುದಿತ್ತಲ್ರಿ," ಎಂದೆ.

ಉತ್ತರ ಕೊಟ್ಟವರು ಅವರ ಹೆಂಡತಿ, ನಿವೃತ್ತ ಗಣಿತದ ಟೀಚರು. ನಾವೆಲ್ಲ ಅವರನ್ನು ಅಕ್ಕಾರು ಎಂದೇ ಕರೆದೆವು. "ನಾನು ವರ್ಷಪೂರ್ತಿ ಅಡುಗೆ ಮಾಡೋ ಜಾಗ ಕಣ್ಣೆದುರಿಗೆ ಆಗ್ಬೇಕು, ಇಲ್ಲಾಂದ್ರೆ ನೀವೊಬ್ರೇ ಹೋಗ್ರಿ ಅಂದೆ. ಅದಕ್ಕೇ ಹಡಗು ಇಲ್ಲಿಗೆ ಬಂತು."

ಸಾಹೇಬರಿಗೆ ಅರವತ್ತಾರು. ಮಂಡಿ ಆಗಲೇ ತಕರಾರು ತೆಗೆದಿತ್ತು. ಈ ಅಕ್ಟೋಬರ್ ತಪ್ಪಿದರೆ ಮುಂದಿನ ಮಳೆಗಾಲ ಮುಗಿಯುವವರೆಗೆ ಕಾಯಬೇಕು, ಅಷ್ಟರಲ್ಲಿ ಈ ಕಾಲು ಹಗ್ಗದ ಏಣಿ ಹತ್ತುತ್ತದೆಂಬ ಭರವಸೆ ತನಗಿಲ್ಲ ಎಂದು ಮೊದಲ ದಿನವೇ ಹೇಳಿದರು. ನಾನು ಎದೆ ತಟ್ಟಿಕೊಂಡು ಒಪ್ಪಿದೆ.

ಮೊದಲ ಮೂರು ತಿಂಗಳು ಕೆಲಸ ಹೂವಿನಂತೆ ಸಾಗಿತು. ಮರಗೆಲಸಕ್ಕೆ ಲೋಕಿಕೆರೆಯ ಬಡಗಿಯೊಬ್ಬ ಬರುತ್ತಿದ್ದ, ನನ್ನ ವಾರಿಗೆಯವನೇ. ಬಾಗಿಲು, ಮಂಚ, ಗಾಡಿಯ ನೊಗ ಮಾಡಿ ಪಳಗಿದ ಕೈ. ಮೊದಲ ದಿನ ನಾವಿಬ್ಬರೂ ನಮ್ಮ ನಮ್ಮ ರಸಮಟ್ಟದ ಪಟ್ಟಿ ತೆಗೆದಾಗ ಸಾಹೇಬರು ಎರಡನ್ನೂ ಕಸಿದುಕೊಂಡು ಪೆಟ್ಟಿಗೆಗೆ ಹಾಕಿ ಬೀಗ ಹಾಕಿದರು. ನೀರಿನ ಮೇಲೆ ಅಲುಗಾಡುವ ವಸ್ತುವಿನಲ್ಲಿ ಅದರ ಗುಳ್ಳೆಯನ್ನು ನಂಬಬಾರದು, ಹಡಗಿನ ನಡು ಗೆರೆಯಿಂದ ಅಳೆಯಬೇಕು ಎಂದು ತೋರಿಸಿಕೊಟ್ಟರು. ಒಂದು ವಾರ ಕೈ ಮುರಿದಂತಾಯಿತು, ಆಮೇಲೆ ಒಗ್ಗಿತು.

ಟ್ಯಾಂಕುಗಳ ವಿಷಯದಲ್ಲಿ ಮಾತ್ರ ಸಾಹೇಬರು ನನ್ನಿಂದ ಕಲಿತರು. ಅವರ ನಕ್ಷೆಯಲ್ಲಿ ಪ್ರತಿ ಟ್ಯಾಂಕಿಗೆ ಒಳಗೆ ಒಂದೇ ಅಡ್ಡ ತಗಡಿತ್ತು. ಅರ್ಧ ತುಂಬಿದ ಟ್ಯಾಂಕರು ತಿರುವಿನಲ್ಲಿ ಹೇಗೆ ಮಗುಚುತ್ತದೆ ಎಂದು ನಾನು ಲೋಕಿಕೆರೆ ರಸ್ತೆಯಲ್ಲಿ ಕಣ್ಣಾರೆ ಕಂಡವನು. ನೀರು ಒಂದೇ ಸಲಕ್ಕೆ ಒಂದು ಬದಿಗೆ ನುಗ್ಗುತ್ತದೆ, ಅಷ್ಟೇ. ನಾನು ಮೂರು ಅಡ್ಡ ತಗಡು ಹಾಕಿದೆ, ಒಂದೊಂದರ ತೂತನ್ನೂ ಒಂದೊಂದು ಎತ್ತರಕ್ಕೆ ಕೊರೆದೆ. ತುಂಬಿದ ಟ್ಯಾಂಕನ್ನು ನಾಲ್ಕು ಜನ ಅಲ್ಲಾಡಿಸಿ ನೋಡಿದಾಗ ಒಳಗೆ ಗುಳುಗುಳು ಸದ್ದೂ ಬರಲಿಲ್ಲ. ಒಲೆಗೆ ಎರಡು ಬದಿ ಕೀಲು ಕೊಟ್ಟು ತೊಟ್ಟಿಲಿನಂತೆ ತೂಗುಹಾಕಿದೆ. ಹಡಗು ಯಾವ ಕಡೆ ವಾಲಿದರೂ ಪಾತ್ರೆ ನೆಟ್ಟಗೆ ನಿಲ್ಲಬೇಕು. ಅಕ್ಕಾರು ಅದರ ಮೇಲೆ ಹಾಲು ತುಂಬಿದ ಪಾತ್ರೆ ಇಟ್ಟು, ಕೈಯಿಂದ ತೂಗಿ, ಚೆಲ್ಲದ್ದನ್ನು ನೋಡಿ "ಪಾಸ್" ಎಂದರು. ನಾನು ಆ ದಿನ ಮನೆಗೆ ಹೋಗಿ ಎಲ್ಲರಿಗೂ ಎರಡೆರಡು ಸಲ ಹೇಳಿದೆ.

ಏಪ್ರಿಲ್ ಬಂತು. ಚಪ್ಪರದ ತಗಡು ಕಾದು ಕೆಂಡವಾಗುತ್ತಿತ್ತು. ಒಂದು ಮಧ್ಯಾಹ್ನ ಬಡಗಿ ಹಡಗಿನ ಒಳಗಿನಿಂದ ನನ್ನನ್ನು ಕರೆದ.

"ಮೇಸ್ತ್ರಿ, ಇಲ್ಲಿ ಬರ್ರಿ ಸ್ವಲ್ಪ. ಒಳಗೆ ಬಿಸಿಲು ಬಿದ್ದೈತೆ."

ಇಳಿದು ನೋಡಿದೆ. ಹಲಗೆ ಹಲಗೆಯ ನಡುವೆ ಬೆಳಕಿನ ಗೆರೆ. ಕೆಲವು ಕಡೆ ನನ್ನ ಉಗುರು ತೂರುವಷ್ಟು ಸಂದು. ಕರಾವಳಿಯ ತೇವದಲ್ಲಿ ವರ್ಷಗಟ್ಟಲೆ ನೆನೆದು ಮೈತುಂಬಿಕೊಂಡಿದ್ದ ಮರ ನಮ್ಮ ಬಯಲುಸೀಮೆಯ ಗಾಳಿಗೆ ಒಣಗಿ ಕುಗ್ಗಿತ್ತು. ಸಂದುಗಳಿಂದ ಕರ್ರಗಾದ ಹತ್ತಿಯ ಎಳೆಗಳು ಜೋತಾಡುತ್ತಿದ್ದವು. ಕೊಳೆತ ಕಸ ಎಂದುಕೊಂಡು ನಾನು ಅವನ್ನೆಲ್ಲ ಎಳೆದೆಳೆದು ಗುಡ್ಡೆ ಹಾಕಿ ಸುಟ್ಟೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಸಾಹೇಬರು ದುಡಿದದ್ದೆಲ್ಲ ಕಬ್ಬಿಣದ ಹಡಗುಗಳಲ್ಲಿ. ಮರದ ಸಂಗತಿ ಅವರಿಗೂ ಅಷ್ಟಕ್ಕಷ್ಟೇ. "ಏನ್ ಮಾಡಾಣ ಮೇಸ್ತ್ರಿ?" ಎಂದರು. ಸೋರುವ ಸಂದನ್ನು ಮುಚ್ಚುವುದು ನನಗೆ ಹೇಳಿಕೊಡಬೇಕೆ? ಎರಡು ಡಬ್ಬಿಯ ಮಾಲು ಬೆರೆಸಿದರೆ ಕಲ್ಲಿನಂತೆ ಗಟ್ಟಿಯಾಗುವ ಎಪಾಕ್ಸಿ ತರಿಸಿದೆ. ಸಂದುಗಳಿಗೆ ಅದನ್ನು ಒತ್ತಿ ಒತ್ತಿ ತುಂಬಿದೆ. ಒಣಗಿದ ಮೇಲೆ ಗ್ರೈಂಡರ್ ಹಿಡಿದು ಉಜ್ಜಿದೆ. ಮೇ ಎರಡನೇ ವಾರದ ಹೊತ್ತಿಗೆ ಹಡಗಿನ ಮೈ ಒಂದೇ ತಗಡಿನಲ್ಲಿ ಮಾಡಿದಂತೆ ನುಣ್ಣಗಾಯಿತು. ಬಡಾವಣೆಯವರು ಬಂದು ಸವರಿ ನೋಡಿ ಹೋದರು.

ಪರೀಕ್ಷೆ ನಮ್ಮ ಕಸುಬಿನ ಪದ್ಧತಿಯಂತೆಯೇ ಆಗಲಿ ಎಂದೆ. ಒಳಗೆ ನೆಲಹಲಗೆ ಇನ್ನೂ ಹಾಕಿರಲಿಲ್ಲ. ನನ್ನದೇ ಟ್ಯಾಂಕರ್ ತರಿಸಿ, ಹಡಗಿನ ಒಳಗೆ ಮೊಣಕಾಲುದ್ದ ನೀರು ಬಿಟ್ಟು, ಸುತ್ತ ಸುತ್ತಿದೆ. ಮೊದಲ ದಿನ ಹೊರಗೆ ಒಂದು ಹನಿ ಇಲ್ಲ. ಎರಡನೆಯ ದಿನ ಇಲ್ಲ. ನಾನು ಸಾಹೇಬರಿಗೆ ಸಿಹಿ ತರಿಸಿರಿ ಎಂದೂ ಹೇಳಿಬಿಟ್ಟೆ.

ಮೂರನೆಯ ಬೆಳಿಗ್ಗೆ ಎಲ್ಲರೂ ಚಹಾ ಕುಡಿಯುತ್ತಾ ನಿಂತಿದ್ದಾಗ ಹಡಗಿನ ಎಡ ಬದಿಯಿಂದ ಟಪ್ಪೆಂದು ಸದ್ದು ಬಂತು. ಹಿಂದೆಯೇ ಇನ್ನೊಂದು. ತಳದಿಂದ ನಾಲ್ಕನೆಯ ಹಲಗೆ ತನ್ನ ಮೊಳೆಗಳನ್ನು ಕಿತ್ತುಕೊಂಡು, ಒಳಗಿನ ಪಕ್ಕೆಲುಬಿನಂಥ ತೊಲೆಯಿಂದ ಒಂದು ಬೆರಳಿನಷ್ಟು ಹೊರಗೆ ಎದ್ದು ನಿಂತಿತು. ಆ ಸಂದಿನಿಂದ ನೀರು ಕೊಳಾಯಿ ಬಿಟ್ಟಂತೆ ಸುರಿಯತೊಡಗಿತು. ಬಡಗಿ ಓಡಿ ಹೋಗಿ ತೂಬಿನ ಬಿರಡೆ ಕಿತ್ತ. ನಾಲ್ಕು ಸಾವಿರ ಲೀಟರ್ ನೀರು ನಮ್ಮ ಕಾಲಡಿಗೆ ಹರಿದು ಪಕ್ಕದ ಸೈಟಿನ ಮರಳು ಗುಡ್ಡೆಯನ್ನು ತೊಳೆದುಕೊಂಡು ಹೋಯಿತು. ಸಾಹೇಬರು ಎದ್ದ ಹಲಗೆಯನ್ನು ಅಂಗೈಯಿಂದ ಒತ್ತಿ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

"ಇದನ್ನ ಕಟ್ಟಿದೋರನ್ನ ಕೇಳಾಣ," ಎಂದವರು ಅಕ್ಕಾರು. "ನಮಗೆ ನಾವೇ ಪರೀಕ್ಷೆ ಬರೆದು ನಾವೇ ಮಾರ್ಕ್ಸ್ ಹಾಕ್ಕೊಂಡ್ರೆ ಹಿಂಗೇ ಆಗೋದು." ಹಡಗು ಮಾರಿದವರಿಗೆ ಅವರೇ ಫೋನು ಮಾಡಿದರು.

ನಾಲ್ಕು ದಿನದ ಮೇಲೆ ಹೊನ್ನಾವರದ ಕಡೆಯಿಂದ ಒಬ್ಬ ಮುದುಕ ಬಸ್ಸಿನಲ್ಲಿ ಬಂದಿಳಿದರು. ಎಪ್ಪತ್ತು ದಾಟಿದ ತೆಳ್ಳನೆಯ ಮನುಷ್ಯ. ಹಡಗಿನ ಸಂದಿಗೆ ಹತ್ತಿ ಹೊಡೆಯುವ ಮೇಸ್ತ್ರಿ. ಅದು ಬಿಟ್ಟು ಬೇರೆ ಕೆಲಸವನ್ನೇ ಮಾಡಿದವರಲ್ಲ. ಹಡಗಿನ ಸುತ್ತ ಒಂದು ಸುತ್ತು ಬಂದು, ನನ್ನ ನುಣುಪಾದ ಸಂದಿನ ಮೇಲೆ ಉಗುರಿನಿಂದ ಕುಟ್ಟಿದರು.

"ಇದನ್ನು ಯಾರು ಮಾಡಿದ್ದು ಮಾರಾಯ್ರೆ?"

"ನಾನು," ಎಂದೆ.

"ಕೆಲಸ ಬಾರೀ ಚಂದ ಉಂಟು. ಆದ್ರೆ ಮರಕ್ಕೆ ಉಸಿರಾಡ್ಲಿಕ್ಕೆ ಜಾಗವೇ ಇಟ್ಟಿಲ್ಲ ನೀವು. ನೀರು ಕುಡಿದ್ರೆ ಮರ ದಪ್ಪ ಆಗ್ತದೆ. ಸಂದಿನಲ್ಲಿ ಹತ್ತಿ ಇದ್ರೆ ಒತ್ತಿಕೊಂಡು ಕೂರ್ತದೆ. ಕಲ್ಲು ಇಟ್ರೆ? ಹಲಗೆಯೇ ಕಿತ್ಕೊಂಡು ಬರ್ತದೆ. ಹಳೇ ಹತ್ತಿ ಎಲ್ಲಿ?"

ನಾನು ಅದನ್ನು ಸುಟ್ಟ ಜಾಗದ ಕಡೆ ಕೈ ತೋರಿಸಿದೆ. ಉಳಿದದ್ದನ್ನು ಬಡಗಿ ಹೇಳಿದ.

ಸಾಹೇಬರಿಗೆ ಇನ್ನೊಂದು ದಾರಿ ಹೊಳೆದಿತ್ತು. ಹೊರಮೈಗೆಲ್ಲ ಫೈಬರ್ ಹೊದಿಸಿಬಿಡುವುದು. ಹತ್ತು ದಿನದಲ್ಲಿ ಮಾಡಿಕೊಡುವವರು ಸಿಕ್ಕಿದ್ದರು. ಅಕ್ಟೋಬರ್ ಆರಾಮಾಗಿ ಕೈಗೆ ಸಿಗುತ್ತಿತ್ತು. ಮುದುಕ ಅದಕ್ಕೂ ಬೇಡವೆನ್ನಲಿಲ್ಲ. "ಹೊದಿಸಿ. ಒಂದೆರಡು ವರ್ಷ ಏನೂ ಆಗೂದಿಲ್ಲ. ಒಳಗೆ ಮರ ಕೊಳೀತಾ ಬಂದ್ರೂ ಹೊರಗೆ ಕಾಣೂದಿಲ್ಲ, ಅಷ್ಟೇ. ಗೊತ್ತಾಗುದು ಯಾವತ್ತು ಅಂದ್ರೆ ದಂಡೆ ಕಾಣದ ಜಾಗದಲ್ಲಿ." ಅದಲ್ಲದಿದ್ದರೆ ನಾನು ತುಂಬಿದ ಎಪಾಕ್ಸಿಯನ್ನೆಲ್ಲ ಮರಕ್ಕೆ ಪೆಟ್ಟಾಗದಂತೆ ಕೀಳಬೇಕು, ಒಣಗಿದ ಮರಕ್ಕೆ ಮತ್ತೆ ನೀರು ಕುಡಿಸಬೇಕು, ಆಮೇಲೆ ಹೊಸದಾಗಿ ಹತ್ತಿ ಹೊಡೆಯಬೇಕು. ಎರಡೂ ಬದಿಯ ಸಂದು ಸೇರಿ ಎಂಟುನೂರು ಅಡಿಗೂ ಹೆಚ್ಚು. ಗ್ರೈಂಡರ್ ಮುಟ್ಟುವಂತಿಲ್ಲ, ಅದು ಹಲಗೆಯ ಅಂಚನ್ನು ತಿಂದುಹಾಕುತ್ತದೆ.

ಎಲ್ಲರೂ ನನ್ನ ಮುಖ ನೋಡಿದರು. ಕೀಳುವುದಾದರೆ ಕೀಳಬೇಕಾದವನು ನಾನು. ಫೈಬರ್ ಹೊದಿಸಿದರೆ ನನ್ನ ತಪ್ಪು ಅದರ ಕೆಳಗೆ ಮುಚ್ಚಿಹೋಗುತ್ತಿತ್ತು, ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಹೌದು, ಆ ಆಸೆ ನನಗಾಯಿತು. ನಾನು ಎದ್ದು ಹೋಗಿ ಹಡಗಿನ ಹಿಂದೆ ಒಬ್ಬನೇ ಒಂದು ಬೀಡಿ ಸೇದಿದೆ. ಒಳಗೆ ಅಕ್ಕಾರ ಒಲೆ ತೂಗುತ್ತಿತ್ತು. ಆ ಒಲೆಯ ಮುಂದೆ ದಂಡೆ ಕಾಣದ ಜಾಗದಲ್ಲಿ ನಿಲ್ಲುವವರು ಅವರು, ನಾನಲ್ಲ. ವಾಪಸ್ಸು ಬಂದೆ.

"ಕೀಳ್ತೀನ್ರಿ," ಎಂದೆ. "ಫೈಬರ್ ಬ್ಯಾಡ."

"ಆಗಸ್ಟ್ ಒಳಗೆ ಆಗ್ತೈತೇನು?" ಎಂದರು ಸಾಹೇಬರು.

"ಆಗದಿದ್ರೆ ಹಡಗು ಎಳ್ಕೊಂಡು ನಾನೇ ಬರ್ತೀನಿ."

ಮರುದಿನವೇ ಹಿಡಿದೆ. ಎಪಾಕ್ಸಿ ಬಿಸಿಗೆ ಮೆತ್ತಗಾಗುತ್ತದೆ, ಅದೊಂದೇ ನನ್ನ ಪುಣ್ಯ. ಬಿಸಿಗಾಳಿ ಊದುವ ಗನ್ನಿನಿಂದ ಬಡಗಿ ಒಂದು ಗೇಣು ಸಂದನ್ನು ಕಾಯಿಸುವುದು, ಅದು ಆರುವ ಮೊದಲು ನಾನು ಕೆರೆದು ತೆಗೆಯುವುದು. ಕೆರೆಯಲು ಯಾವ ಉಳಿಯೂ ಒಗ್ಗಲಿಲ್ಲ. ಸವೆದ ಮೂರುಮೂಲೆ ಅರಗಳನ್ನು ಕುಲುಮೆಗೆ ಹಾಕಿ ಕೊಕ್ಕೆಯಂತೆ ಬಗ್ಗಿಸಿ, ತುದಿ ಮಸೆದು, ನಾಲ್ಕು ಅಳತೆಯ ಕೊಕ್ಕೆ ಮಾಡಿಕೊಂಡೆ. ಕಾಯಿಸಿದ್ದು ಹೆಚ್ಚಾದರೆ ಮರ ಕಪ್ಪಾಗುತ್ತದೆ, ಕಡಿಮೆಯಾದರೆ ಕೊಕ್ಕೆ ಜಾರಿ ಹಲಗೆ ಗೀರುತ್ತದೆ. ಮೊದಲ ದಿನ ಹನ್ನೊಂದು ಅಡಿ ಆಯಿತು. ಲೆಕ್ಕ ಹಾಕಿ ನೋಡಿ ಬಡಗಿ ತಲೆ ಮೇಲೆ ಕೈ ಹೊತ್ತ. ವಾರ ಕಳೆದಂತೆ ಕೈ ಹದಕ್ಕೆ ಬಂದು, ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಅಡಿ ಮುಟ್ಟಿದೆವು.

ಹರಿಹರದಿಂದ ಬಂದ ಹಳೆಯ ಗಿರಾಕಿಯೊಬ್ಬ ನೋಡಿ "ಏನ್ ಮೇಸ್ತ್ರಿ, ಹಾಕಿದ್ದನ್ನೇ ಕೀಳಾಕತ್ತೀರಿ?" ಎಂದ. "ಕೀಳೋದೂ ಒಂದು ಕೆಲಸ ಕಣಪ್ಪ, ನೀನೂ ಒಂದ್ ಕೈ ಹಚ್ಚು," ಎಂದೆ. ಅವನು ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿಕೊಂಡು ಹೋದ. ಜೂನ್ ಕೊನೆಗೆ ಕೊನೆಯ ಅಡಿ ಕಿತ್ತಾಗ ನನ್ನ ಬಲಗೈ ಹೆಬ್ಬೆರಳು ಮಡಚಲು ಬರುತ್ತಿರಲಿಲ್ಲ. ಎದ್ದುನಿಂತ ಹಲಗೆಯನ್ನು ಬಡಗಿ ಬಿಚ್ಚಿ, ಹೊಸ ತಾಮ್ರದ ಮೊಳೆ ಹಾಕಿ ಮತ್ತೆ ಪಕ್ಕೆಗೆ ಕೂರಿಸಿದ.

ಮುಂದೆ ಮರಕ್ಕೆ ನೀರು ಕುಡಿಸುವ ಪ್ರಶ್ನೆ. ಕರಾವಳಿಯಲ್ಲಾದರೆ ಅಳಿವೆಯ ನೀರಿಗೆ ನೂಕಿ ಬಿಡುತ್ತಾರಂತೆ. ಸಂದು ಬಾಯಿ ಬಿಟ್ಟುಕೊಂಡಿರುವ ಹಡಗನ್ನು ತುಂಬಿ ಹರಿಯುವ ತುಂಗಭದ್ರೆಗೆ ಬಿಟ್ಟರೆ ಹೊಸಪೇಟೆಯಲ್ಲಿ ಹುಡುಕಬೇಕಾಗುತ್ತಿತ್ತು. ಮುದುಕ ಊರಿಂದ ಫೋನಿನಲ್ಲಿ "ಹ್ಯಾಗಾದ್ರೂ ನೆನೆಸಿ, ನಿಧಾನಕ್ಕೆ ನೆನೆಸಿ, ಒಂದೇ ಸಲಕ್ಕೆ ಬೇಡ" ಎಂದಷ್ಟೇ ಹೇಳಿದರು. ಆಗ ನನ್ನ ಕಣ್ಣು ಪಕ್ಕದ ಸೈಟಿನ ಮೇಲೆ ಬಿತ್ತು. ಅಲ್ಲಿ ಹೊಸದಾಗಿ ಹಾಕಿದ ತಾರಸಿಗೆ ಗೋಣಿಚೀಲ ಹೊದಿಸಿ ನೀರು ಚಿಮುಕಿಸುತ್ತಿದ್ದರು.

"ಹಡಗಿಗೆ ಕ್ಯೂರಿಂಗ್ ಮಾಡಾಣ," ಎಂದೆ.

ಸಾಹೇಬರು "ಯಾವ ಪುಸ್ತಕದಾಗೂ ಇದು ಇಲ್ಲ," ಎಂದರು. ಆದರೆ ಮುಖ ಅರಳಿತ್ತು. ಮಂಡಕ್ಕಿ ಭಟ್ಟಿಗಳಿಗೆ ಭತ್ತ ತಂದು ಖಾಲಿಯಾದ ಹಳೆ ಗೋಣಿಚೀಲಗಳನ್ನು ಆಟೋದಲ್ಲಿ ಹೇರಿಸಿದರು. ಅವನ್ನು ಬಿಚ್ಚಿ ಒಂದಕ್ಕೊಂದು ಹೊಲಿದು, ಹಡಗಿಗೆ ಒಳಗೂ ಹೊರಗೂ ಹೊದಿಸಿ, ದಿನಕ್ಕೆ ಮೂರು ಹೊತ್ತು ನೀರು ಹೊಡೆದೆವು. ಸಂದು ಎಷ್ಟು ಕೂಡಿತು ಎಂದು ನೋಡಲು ನಾನು ಎಂಜಿನ್ ಕೆಲಸದಲ್ಲಿ ಬಳಸುವ ತೆಳು ಉಕ್ಕಿನ ಅಳತೆ ಪಟ್ಟಿಗಳನ್ನು ತಂದೆ. ಪ್ರತಿ ಹಲಗೆಗೆ ಮೂರು ಕಡೆ ಪಟ್ಟಿ ತೂರಿಸಿ ನೋಡಿ, ಪಕ್ಕದಲ್ಲೇ ಸೀಮೆಸುಣ್ಣದಿಂದ ಅಂಕಿ ಬರೆಯುತ್ತಿದ್ದೆ. ಅಕ್ಕಾರು ಅದನ್ನೆಲ್ಲ ಒಂದು ಗ್ರಾಫ್ ಹಾಳೆಯ ಮೇಲೆ ಇಳಿಸಿದರು. ಗೆರೆ ಮೊದಲ ವಾರ ಸರಸರ ಇಳಿಯಿತು, ಆಮೇಲೆ ನಿಧಾನವಾಯಿತು, ಜುಲೈ ಮೂರನೇ ವಾರಕ್ಕೆ ಚಪ್ಪಟೆಯಾಗಿ ನಿಂತಿತು.

"ಮರಕ್ಕೆ ಹೊಟ್ಟೆ ತುಂಬಿತು," ಎಂದರು ಅಕ್ಕಾರು. ಮುದುಕನಿಗೆ ಫೋನು ಹೋಯಿತು.

ಅವರು ಬಂದವರು ಗೋಣಿಚೀಲ ನೋಡಿ ಬಿದ್ದು ಬಿದ್ದು ನಕ್ಕರು. ಚೀಲ ಸರಿಸಿ ಹಲಗೆ ಮುಟ್ಟಿ ನೋಡಿದ ಮೇಲೆ ನಗು ನಿಂತಿತು. ನನ್ನ ಉಕ್ಕಿನ ಪಟ್ಟಿಗಳನ್ನು ಕೈಗೆ ತೆಗೆದುಕೊಂಡು, ತಾವೇ ನಾಲ್ಕು ಕಡೆ ತೂರಿಸಿ, ಸೀಮೆಸುಣ್ಣದ ಅಂಕಿಯೊಂದಿಗೆ ಹೊಂದಿಸಿ ನೋಡಿದರು. "ಇದೊಂದು ನನಗೂ ಬೇಕಿತ್ತು," ಎಂದರು. ನಾನು ಒಂದು ಜೊತೆ ಅವರ ಚೀಲಕ್ಕೆ ಹಾಕಿದೆ. ಮೇಲ್ಮೈ ಆರಲು ಎರಡು ದಿನ ಬಿಡಿ, ಅಷ್ಟರಲ್ಲಿ ಹತ್ತಿ ಸಿದ್ಧ ಮಾಡುವ ಎಂದರು.

ಅವರು ತಂದಿದ್ದ ಹತ್ತಿ ಒಂದು ಬದಿಗೂ ಸಾಲುತ್ತಿರಲಿಲ್ಲ. ಅದನ್ನೇ ಎಳೆದು ತೋರಿಸಿದರು. ಎಳೆ ಉದ್ದವಿರಬೇಕು, ಬೀಜದ ಚೂರು ಇರಬಾರದು, ನೂಲಿನಂತೆ ಬಿಗಿಯಾಗಿ ಹೊಸೆಯಬಾರದು, ಸಡಿಲವಾಗಿ, ಉದ್ದಕ್ಕೂ ಒಂದೇ ದಪ್ಪದಲ್ಲಿ ಹೊಸೆಯಬೇಕು. "ಇಂಥ ಹತ್ತಿ ಎಲ್ಲಿ ಸಿಗ್ತದೋ ಏನೋ," ಎಂದರು. ಹತ್ತಿ ಗಿರಣಿಗಳ ದಾವಣಗೆರೆಯಲ್ಲಿ ನಿಂತು ಆ ಮಾತು ಹೇಳಿದ್ದಕ್ಕೆ ನಾವೆಲ್ಲ ಒಟ್ಟಿಗೆ ನಕ್ಕೆವು. ಸಾಹೇಬರ ದಾಯಾದಿಗಳೊಬ್ಬರಿಗೆ ಹತ್ತಿ ವ್ಯಾಪಾರ. ಸಂಜೆಗೆ ಬೆಳ್ಳನೆಯ ಹತ್ತಿ ಬಂದು ಬಿತ್ತು.

ಹೊಸೆಯುವುದು ಮಾತ್ರ ನಮ್ಮ ಯಾರ ಕೈಗೂ ಬಗ್ಗಲಿಲ್ಲ. ನಾನು ಹೊಸೆದದ್ದು ಒಂದು ಕಡೆ ಹಗ್ಗ, ಇನ್ನೊಂದು ಕಡೆ ದಾರ. ಅಕ್ಕಾರು ಸ್ವಲ್ಪ ಹೊತ್ತು ನೋಡಿ, "ಸರೀರಿ ಆ ಕಡೆ," ಎಂದು ಕೂತರು. ಬೆರಳಿಗೆ ವಿಭೂತಿ ಮುಟ್ಟಿಸಿಕೊಂಡು, ಹತ್ತಿಯನ್ನು ಎಳೆ ಬಿಡಿಸಿ ಅಂಗೈಯಲ್ಲಿ ಹೊಸೆದರು. ಮೊಳದುದ್ದ ಬತ್ತಿ, ತುದಿಯಿಂದ ತುದಿಗೆ ಒಂದೇ ದಪ್ಪ, ಎಳೆದರೆ ಬಿಡದು, ಒತ್ತಿದರೆ ಮೆತ್ತಗೆ. ಮುದುಕ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಇದನ್ನು ಎಲ್ಲಿ ಕಲ್ತದ್ದು ಅಮ್ಮಾ?"

"ದೇವರ ಮನ್ಯಾಗೆ. ಶ್ರಾವಣ ಬಂದ್ರೆ ಲಕ್ಷ ಬತ್ತಿ ಹೊಸೀತೀವ್ರಿ ನಾವು. ನಿಮ್ಮ ಹಡಗಿಗೆ ಎಷ್ಟು ಬೇಕು?"

ಮರುದಿನ ವಿನೋಬನಗರದ ಅವರ ಓಣಿಯ ಎಂಟು ಹೆಂಗಸರು ಶಾಮನೂರಿನ ಬಸ್ಸು ಹಿಡಿದು ಬಂದರು. ಚಪ್ಪರದ ಕೆಳಗೆ ಚಾಪೆ ಹಾಸಿ ಕೂತು, ದಪ್ಪ ಒಂದು ಕಡೆ, ತೆಳು ಒಂದು ಕಡೆ ರಾಶಿ ಹಾಕಿದರು. ಜೊತೆಗೆ ನಮ್ಮೆಲ್ಲರ ಕೆಲಸಕ್ಕೂ ಹೆಸರಿಟ್ಟರು. ನಾಲ್ಕು ದಿನದಲ್ಲಿ ಎರಡು ಬದಿಗೂ ಸಾಕಾಗಿ ಉಳಿಯುವಷ್ಟು ಬತ್ತಿ ಸಿದ್ಧವಾಯಿತು. ಅವನ್ನು ಎಣ್ಣೆಯಲ್ಲಿ ಅದ್ದಿ ಹಿಂಡಿ ನೇತುಹಾಕಿದೆವು.

ಹತ್ತಿ ಹೊಡೆಯುವಾಗ ಮುದುಕ ನನಗೂ ಒಂದು ಮೊಂಡು ಉಳಿ, ಒಂದು ಮರದ ಕೊಡತಿ ಕೊಟ್ಟರು. ಬತ್ತಿಯನ್ನು ಸಂದಿಗೆ ಮಡಿಕೆ ಮಡಿಕೆಯಾಗಿ ಸಿಕ್ಕಿಸಿ, ಉಳಿಯಿಟ್ಟು ಹೊಡೆಯಬೇಕು. ಕಸುಬಿನ ಅಭ್ಯಾಸ, ನಾನು ಬಿಗಿಯಾಗಿ ಬಿಗಿಯಾಗಿ ತುಂಬಿದೆ. ಅವರು ಕಣ್ಣು ಮುಚ್ಚಿಕೊಂಡು ಸದ್ದು ಕೇಳುತ್ತಿದ್ದವರು ಎದ್ದು ಬಂದು, ನನ್ನ ಮೂರು ಅಡಿ ಕೆಲಸವನ್ನು ಒಂದೇ ಎಳೆತಕ್ಕೆ ಕಿತ್ತುಹಾಕಿದರು. "ನೀವು ಬಾಗಿಲು ಮುಚ್ಚಿ ಬೀಗ ಹಾಕ್ತೀರಿ. ಬರೀ ಬಾಗಿಲು ಮುಂದೆ ಮಾಡಿ. ಬೀಗ ಹಾಕುದು ನೀರಿನ ಕೆಲಸ." ನನ್ನ ವಯಸ್ಸಿಗೆ ಬೈಸಿಕೊಳ್ಳುವುದು ಕಷ್ಟ. ಆದರೂ ಬೈಸಿಕೊಂಡು ಮತ್ತೆ ಹೊಡೆದೆ, ಮತ್ತೆ ಕಿತ್ತರು, ಮತ್ತೆ ಹೊಡೆದೆ. ಮೂರನೆಯ ದಿನ ಅವರು ಎದ್ದು ಬರಲಿಲ್ಲ. ಬಲ ಬದಿಯ ಕೆಳಗಿನ ಐದು ಸಂದು ಪೂರ್ತಿ ನನ್ನ ಕೈಯದು. ಅದರ ಮೇಲೆ ರಾಳ, ಎಣ್ಣೆ, ಸುಣ್ಣ ಕಲಸಿದ ಮುದ್ದೆ ತುಂಬಿ, ಬಣ್ಣ ಹೊಡೆದಾಗ ಆಗಸ್ಟ್ ಕೊನೆಯ ವಾರ. ಹೊರಗಿನ ಗೋಣಿಚೀಲ ಹತ್ತಿ ಹೊಡೆಯುವ ಮೊದಲೇ ತೆಗೆದಿದ್ದೆವು, ಒಳಗಿನದನ್ನು ಮಾತ್ರ ಹಾಗೇ ಒದ್ದೆಯಾಗಿಟ್ಟೆವು.

ಸಮುದ್ರಕ್ಕೆ ಒಯ್ಯುವ ಮೊದಲು ಒಮ್ಮೆ ತೇಲಿಸಿ ನೋಡಲೇಬೇಕೆಂದು ನಾನು ಹಟ ಹಿಡಿದೆ. ಘಟ್ಟ ಇಳಿಸಿ ಅಲ್ಲಿ ಸೋರಿದರೆ ಅಕ್ಟೋಬರ್ ಕೈಬಿಟ್ಟಂತೆಯೇ. ಮಳೆ ತಗ್ಗಿ, ತುಂಗಭದ್ರೆಯ ಸೆಳವು ಇಳಿದ ಮೇಲೆ, ಸೆಪ್ಟೆಂಬರ್ ಕೊನೆಗೆ ಟ್ರೇಲರ್ ಶಾಮನೂರಿನಿಂದ ಹರಿಹರಕ್ಕೆ ಬಂತು. ಅರ್ಜಿ ಕೊಟ್ಟಿದ್ದ ಕಚೇರಿಯಲ್ಲಿ "ಹಡಗು ಅಂತ ಕಾಲಮ್ಮೇ ಇಲ್ವಲ್ರಿ" ಎಂದು ಎರಡು ದಿನ ಓಡಾಡಿಸಿ, ಕೊನೆಗೆ "ಇತರೆ" ಎಂಬಲ್ಲಿ ಗುರುತು ಹಾಕಿದ್ದರು. ಊರಿಗೆ ಊರೇ ದಂಡೆಯ ಮೇಲೆ ನೆರೆದಿತ್ತು. ಕ್ರೇನು ಅಗಲ ಪಟ್ಟಿಗಳಲ್ಲಿ ಹಡಗನ್ನು ಎತ್ತಿ ಮೆಲ್ಲಗೆ ನೀರಿಗಿಟ್ಟಿತು.

ನನಗೆ ಈಜು ಬಾರದು. ಆದರೂ ಮೊದಲು ಒಳಗೆ ಇಳಿದವನು ನಾನು. ಪಟ್ಟಿ ಸಡಿಲವಾದದ್ದೇ ಕಾಲಡಿ ಹಡಗು ಜೀವ ಬಂದಂತೆ ಅಲುಗಿತು. ಕೆಳಗೆ ಟಾರ್ಚ್ ಹಾಕಿ ನೋಡಿದೆ. ಸಂದು ಸಂದಿನಲ್ಲೂ ಹನಿ. ಹನಿ ಕೂಡಿ ಗೆರೆ, ಗೆರೆ ಕೂಡಿ ತಳದಲ್ಲಿ ನೀರು. ಬಡಗಿಯ ಮರದ ಹೊಟ್ಟು ಅದರ ಮೇಲೆ ತೇಲುತ್ತಿತ್ತು. ನನ್ನ ಕಸುಬಿನಲ್ಲಿ ಹನಿ ಎಂದರೆ ತಪ್ಪು. ದಂಡೆಯಿಂದ ಯಾರೋ ಕೂಗಿದರು: "ಟ್ಯಾಂಕರ್ ಮೇಸ್ತ್ರಿ, ಒಳಗೆ ನೀರು ತುಂಬಾಕತ್ತೈತಂತಲ್ಲ, ಲೋಡ್ ಕಳಿಸ್ತೀರೇನು?" ಎಲ್ಲರೂ ನಕ್ಕರು. ಸಾಹೇಬರ ಮುಖ ಬಿಳಿಚಿಕೊಂಡಿತ್ತು.

ತೇಲಿಸುವುದನ್ನು ನೋಡಲೆಂದೇ ಊರಿಂದ ಬಂದಿದ್ದ ಮುದುಕ ಮಾತ್ರ ಆರಾಮಾಗಿ ಎಲೆಅಡಿಕೆಯ ಕವಳ ಹಾಕಿಕೊಂಡರು. "ಎಲ್ಲ ಖಾಲಿ ಮಾಡ್ಬೇಡಿ. ಮರ ಕುಡೀಲಿ. ಕಾಲು ಮುಳುಗುವಷ್ಟಾದ್ರೆ ಮಾತ್ರ ಪಂಪ್ ಹೊಡೀರಿ."

ಮೊದಲ ದಿನ ಗಂಟೆಗೊಮ್ಮೆ ಪಂಪು ಹೊಡೆದೆವು. ಎರಡನೆಯ ದಿನ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನಾನು ಪ್ರತಿ ಸಂದನ್ನೂ ಬೆರಳಿನಿಂದ ಸವರುತ್ತಾ ಹೋಗುತ್ತಿದ್ದೆ. ಎಡ ಬದಿಯ ಮುದುಕನ ಸಂದು ಮೊದಲು ಒಣಗಿದವು, ನನ್ನವು ಅರ್ಧ ದಿನ ತಡವಾಗಿ. ಮೂರನೆಯ ದಿನ ನಾನು ಹೊಡೆದ ಐದನೆಯ ಸಂದಿನ ಕೊನೆಯ ಹನಿ ಬೆರಳಿಗೆ ಸಿಕ್ಕಿತು. ಅದನ್ನು ಒರೆಸಿ ಹತ್ತು ನಿಮಿಷ ಕಾದೆ, ಮತ್ತೆ ಬರಲಿಲ್ಲ. ಇನ್ನೂ ಹತ್ತು ನಿಮಿಷ ಕಾದೆ. ಎಂಟುನೂರು ಅಡಿ ಕಿತ್ತ ನೋವು ಆಗ ಇಳಿಯಿತು. ಕಣ್ಣಲ್ಲಿ ನೀರು ಬಂತು, ಮುಚ್ಚಿಟ್ಟುಕೊಳ್ಳಲಿಲ್ಲ. ಮುದುಕ ಊರಿಗೆ ಹೊರಡುವಾಗ, ಸಿಹಿನೀರಿನಲ್ಲಿ ಮರ ಬೇಗ ಕೊಳೆಯುತ್ತದೆ, ಒಂದು ವಾರಕ್ಕಿಂತ ಹೆಚ್ಚು ಇಡಬೇಡಿ, ಬೇಗ ಉಪ್ಪು ನೀರಿಗೆ ಕರೆದುಕೊಂಡು ಬನ್ನಿ ಎಂದು ಹೇಳಿ, ನನ್ನ ಹೆಗಲ ಮೇಲೆ ಕೈಯಿಟ್ಟರು.

ನಾಲ್ಕನೆಯ ದಿನ ನೆಲಹಲಗೆಗಳನ್ನು ತಾತ್ಕಾಲಿಕವಾಗಿ ಜೋಡಿಸಿ ಅಕ್ಕಾರು ಒಳಗೆ ಅಡುಗೆ ಶುರು ಮಾಡಿದರು. ಆರನೆಯ ಬೆಳಿಗ್ಗೆ ನಾನು ದಂಡೆಯ ಮೇಲೆ ಹಗ್ಗ ನೋಡುತ್ತಿದ್ದೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲೆ ಬಂದು ಕೂಗಿದರು.

"ಮೇಸ್ತ್ರಿ, ಒಂದು ಕಸಬರಿಗೆ ತಂದ್ಕೊಡ್ರಿ."

"ಯಾಕ್ರಿ ಅಕ್ಕಾರೆ?"

"ಕೆಳಗಿನ ಹಲಗೆ ಎತ್ತಿ ನೋಡಿದೆ. ಆ ಬಡಗಿ ಬಿಟ್ಟ ಮರದ ಹೊಟ್ಟೆಲ್ಲಾ ಒಣಗಿ, ತಳದಾಗೆ ಬರೀ ಧೂಳು. ಹಿಂಗಿದ್ರೆ ನಾನು ಸಮುದ್ರದಾಗೆ ಹೆಂಗೆ ಸಂಸಾರ ಮಾಡ್ಲಿ?"

ಒಳಗಿನಿಂದ ಸಾಹೇಬರ ನಗು ಕೇಳಿಸಿತು. ನಾನು ಓಡಿದೆ. ಈ ವಯಸ್ಸಿನಲ್ಲಿ, ಹರಿಹರದ ಬಜಾರಿನ ನಡುವೆ ಓಡಿಕೊಂಡೇ ಹೋಗಿ ಅಂಗಡಿಯ ಮುಂದೆ ನಿಂತೆ. ಅಂಗಡಿಯವನು ಎರಡು ಬಗೆಯ ಪೊರಕೆ ತೆಗೆದು ಮುಂದಿಟ್ಟ.

"ಎಲ್ಲಿ ಗುಡಿಸಾಕ್ರಿ? ಮನೆ ಒಳಗಾ, ಅಂಗಳಕ್ಕಾ?"

"ಹಡಗಿನ ತಳ," ಎಂದೆ. ರಸ್ತೆಯ ಆ ಬದಿಯವರಿಗೂ ಕೇಳಲಿ ಎಂದು ಇನ್ನೊಮ್ಮೆ ಜೋರಾಗಿ ಹೇಳಿದೆ.